ಆಣೆ ಇಡದ ವೋಟು

ನಮ್ಮಪ್ಪನಂಥ ಹಟಮಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಐ.ಡಿ.ಹಳ್ಳಿ ಹತ್ತಿರದ ನಮ್ಮೂರಲ್ಲಿ ಭಾನುವಾರ ಯೇಸುವಿನ ಪ್ರಾರ್ಥನೆಗೆ ಹೋಗುತ್ತಿದ್ದದ್ದು ನಮ್ಮದೊಂದೇ ಮನೆ. ಅಪ್ಪ ಟೈಲರ್. ಮನೆಯಲ್ಲಿ ಟಿ.ವಿ. ಇಲ್ಲ, ಸಿನಿಮಾ ಹಾಡು ಗುನುಗುವಂತಿಲ್ಲ, ಕುಡಿದು ಬಂದವನ ಅಳತೆಯನ್ನು ಅವನು ತೆಗೆಯುತ್ತಲೇ ಇರಲಿಲ್ಲ. ಓದಿಗೆ ಮಾತ್ರ ಅಡ್ಡಿಯಿಲ್ಲ. ಸಂಜೆ ಮೆಷಿನ್ ನಿಲ್ಲಿಸಿ, ನನ್ನನ್ನೂ ಪಕ್ಕದ ಮನೆಯ ಹುಡುಗಿಯನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಪಾಠ ಓದಿಸುತ್ತಿದ್ದ. ವೋಟಿನ ದಿನ ಭಾನುವಾರದ ಬಿಳಿ ಶರ್ಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಿದ್ದ.

ಆ ಹುಡುಗಿಯ ತಾಯಿ ನನಗೆ ಅತ್ತೆ. ರಕ್ತಸಂಬಂಧವೇನಲ್ಲ, ಅವರು ಅಪ್ಪನನ್ನು ಅಣ್ಣ ಎನ್ನುತ್ತಿದ್ದರು, ಅಷ್ಟೇ. ಅವರ ಗಂಡನ ಆಟೋದಲ್ಲೇ ನಾವಿಬ್ಬರೂ ಐ.ಡಿ.ಹಳ್ಳಿಯ ಹೈಸ್ಕೂಲಿಗೆ ಹೋಗುತ್ತಿದ್ದೆವು. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಟೋ ತಪ್ಪಿದರೆ ನನ್ನ ಸ್ಕೂಲೂ ತಪ್ಪಿದಂತೆಯೇ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಂಚಾಯ್ತಿ ಚುನಾವಣೆ ಬಂತು, ಅತ್ತೆ ನಿಂತರು. ನಮ್ಮೂರಲ್ಲಿ ಪಂಚಾಯ್ತಿ ಚುನಾವಣೆಯೆಂದರೆ ಭಾಷಣವಲ್ಲ, ಆಣೆ. ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಮನೆಮನೆಗೆ ಬರುತ್ತಾರೆ. ಊರಮ್ಮನ ಹೆಸರು ಹೇಳಿ, ಉರಿಯ ಮೇಲೆ ಕೈ ಹಿಡಿದು, ನಿನಗೇ ಹಾಕುತ್ತೇನೆ ಎನ್ನಬೇಕು.

ನಮ್ಮ ಬಾಗಿಲಿಗೂ ತಟ್ಟೆ ಬಂತು.

"ನಿಂಗೇ ಹಾಕ್ತೀನಿ ಕಣಮ್ಮ. ಆಣೆ ಮಾತ್ರ ಇಡಲ್ಲ," ಎಂದ ಅಪ್ಪ.

ಅತ್ತೆಯ ಗಂಡ ಒಳ್ಳೆಯ ಮನಸ್ಸಿನಿಂದಲೇ, "ನಮ್ ದೇವ್ರು ಬ್ಯಾಡ ಅಂದ್ರೆ ಬುಡಣ್ಣ. ನಿಮ್ ದೇವ್ರ ಪುಸ್ತಕದ ಮ್ಯಾಲೇ ಕೈ ಇಡು," ಎಂದರು.

"ಆಣೆನೇ ಇಡಬ್ಯಾಡ ಅಂತ ಆ ಪುಸ್ತಕದಲ್ಲೇ ಐತೆ. ಅದ್ರ ಮ್ಯಾಲೇ ಹೆಂಗೆ ಕೈ ಇಡ್ಲಿ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ. ಕರ್ಪೂರ ಉರಿದು ಮುಗಿಯುವತನಕ ಕಾದು, ತಟ್ಟೆ ಎತ್ತಿಕೊಂಡು ಹೋದರು.

ಅವರು ಸೋತರು. ಆಣೆ ಇಟ್ಟವರೆಲ್ಲ ಹಾಕಿದ್ದರೆ ಎದುರಿನವರ ಠೇವಣಿಯೂ ಉಳಿಯುತ್ತಿರಲಿಲ್ಲ. ಎರಡೂ ಕಡೆಯ ತಟ್ಟೆಗೆ ಕೈ ಹಿಡಿದ ಪುಣ್ಯಾತ್ಮರು ಊರ ತುಂಬ ಇದ್ದರು. ಆದರೆ ಎಲ್ಲರ ಕಣ್ಣು ಬಿದ್ದದ್ದು ಆಣೆ ಇಡದ ಒಂದೇ ಮನೆಯ ಮೇಲೆ. ಮಾರನೆಯ ದಿನ ಆಟೋ ನಮ್ಮ ಮನೆ ಮುಂದೆ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಗೆಳತಿ ತಲೆ ತಗ್ಗಿಸಿ ಕೂತಿದ್ದಳು.

"ಒಂದ್ಸಲ ಕೈ ಹಿಡ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದು ಅಮ್ಮ ಕೂಗಾಡಿದಳು. ನಾನೂ ಅಮ್ಮನ ಕಡೆಯೇ. ಅಪ್ಪ ಸೈಕಲ್ ಹೊರಗೆ ತೆಗೆದ. ಹೈಸ್ಕೂಲು ಮುಗಿಯುವತನಕ ನನ್ನನ್ನು ಹಿಂದೆ ಕೂರಿಸಿಕೊಂಡು, ಏರಿನಲ್ಲಿ ಏದುಸಿರು ಬಿಡುತ್ತ ತುಳಿದ. ಅವನ ಬೆನ್ನಿನ ಬೆವರು ಕಂಡರೆ ಅಯ್ಯೋ ಅನಿಸುತ್ತಿತ್ತು, ಅವನ ಹಟ ನೆನೆದರೆ ಮೈ ಉರಿಯುತ್ತಿತ್ತು.

ನಾನು ಮಧುಗಿರಿಯಲ್ಲಿ ಡಿಗ್ರಿ ಓದುವಾಗ ಮತ್ತೆ ಚುನಾವಣೆ ಬಂತು, ಅತ್ತೆ ಮತ್ತೆ ನಿಂತರು. ತಟ್ಟೆಯನ್ನು ಬೀದಿಯಲ್ಲೇ ಯಾರ ಕೈಗೋ ಕೊಟ್ಟು, ಒಬ್ಬರೇ ನಮ್ಮ ಮನೆಗೆ ಬಂದರು.

"ಆಣೆ ಕೇಳಾಕೆ ಬಂದಿಲ್ಲ. ಹಾಕ್ತೀಯಾ ಹೇಳು, ಸಾಕು."

ಅಪ್ಪ ಕತ್ತರಿ ಕೆಳಗಿಟ್ಟ. "ಇಲ್ಲ ಕಣಮ್ಮ. ನಿನ್ ಕಡೆಯೋರು ಹುಡುಗ್ರಿಗೆ ಎಣ್ಣೆ ಕುಡಿಸ್ತಾವ್ರೆ. ಈ ಸಲ ನಿಂಗೆ ಹಾಕಲ್ಲ."

ಮುಗಿಯಿತು, ಇನ್ನು ಈ ಜನ್ಮದಲ್ಲಿ ಎರಡು ಮನೆಗೂ ಮಾತಿಲ್ಲ ಎಂದುಕೊಂಡೆ. ಅತ್ತೆಯ ಮುಖ ಕೆಂಪಾಗಿತ್ತು.

"ಅಂಗಾರೆ ಅವತ್ತು?"

"ಅವತ್ತು ನಿಂಗೇ ಹಾಕಿದ್ದೆ."

ಅತ್ತೆ ಜಗುಲಿಯ ಮೇಲೆ ಕೂತುಬಿಟ್ಟರು. "ಊರೆಲ್ಲ ಹಾಕ್ತೀನಿ ಹಾಕ್ತೀನಿ ಅಂತೈತೆ. ಮಕದ ಮುಂದೆ ಇಲ್ಲ ಅಂದೋನು ನೀನೊಬ್ನೇ ಕಣಣ್ಣ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಪ್ಪ ಹೇಳಿದಂತೆ ಅವರಿಗೆ ಹಾಕಲಿಲ್ಲ. ಅವರು ಗೆದ್ದರು. ಎಣಿಕೆಯ ಮಾರನೆಯ ಬೆಳಿಗ್ಗೆ ನಾನು ಕಾಲೇಜಿನ ಬಸ್ಸಿಗೆಂದು ನಡೆದು ಹೊರಟಿದ್ದೆ. ಆಟೋ ಬಂದು ಪಕ್ಕದಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಸರಿದು ಜಾಗ ಮಾಡಿದರು.

"ಹತ್ತು," ಎಂದರು. "ನಿಮ್ಮಪ್ಪ ನಂಗೆ ಹಾಕಿಲ್ಲ ಅಂತ ಗೊತ್ತು."