ಲಗ್ನ ಮುರಿದ ಹಿರ್ಯಾ, ಗಡ್ಡಿ ಬೆಳೆಸಿದ ಪ್ರೋಟೀನು

ಇಳಕಲ್ಲಿನ ಒಬ್ಬ ಹೆಣ್ಣುಮಗಳ ಕ್ಯಾನ್ಸರ್ ಗಡ್ಡಿಯ ಚೂರು ಪರೀಕ್ಷೆಗೆ ನಮ್ಮ ಪ್ರಯೋಗಾಲಯಕ್ಕ ಬಂದಿತ್ತು. ಏನ್ ಕಂಡ್ವಿ ಅಂತ ಹೇಳಾಕ ಆಕಿ ಮನಿಗೆ ಹೋದ್ನಿ. ಆಕಿ ಮಗಳ ಲಗ್ನ ಜೋಡಿಸಿದ್ದ ನಡುವಿನ ಹಿರ್ಯಾ ಚಹಾ ಕುಡಕೋತ ಕುಂತಿದ್ದ.

“ಸಂಬಂಧ ಮುರೀತ್ರಿ. ತಾಯಿ ರೋಗ ಮಗಳ ರಕ್ತದಾಗೂ ಇರ್ತೈತಿ ಅಂತ ಗಂಡಿನವರಿಗೆ ನಾನ ಹೇಳೇನಿ,” ಅಂದ.

ನನ್ನ ಮೈ ಉರೀತು. “ನೀವು ಕಂಡದ್ದನ್ನ ಇವರ ಮುಂದನ ಹೇಳ್ರಿ,” ಅಂದ್ಲು ತಾಯಿ ನನಗ.

ನಾನು ಹಿರ್ಯಾನ ಕಡೆ ತಿರುಗಿದ್ನಿ. “ಯಾರನ್ನ ಕೇಳಿ ಹೇಳಿದ್ರಿ? ಈಕಿಗೆ ಹುಟ್ಟಿನಿಂದ ಬಂದ ಜೀನು ಕೆಟ್ಟಿಲ್ಲ. ಒಂದು ಪ್ರೋಟೀನ್ ಐತಿ. ನಿಮ್ಮಂಗ ತಾ ಏನೂ ಮಾಡಂಗಿಲ್ಲ, ಕೆಲಸ ಮಾಡೋ ಬ್ಯಾರೆ ಪ್ರೋಟೀನುಗಳನ್ನ ಒಂದ್ಕಡೆ ಕೂಡಿಸ್ತೈತಿ. ಕೂಡಿಸಬಾರದ ಜಾಗಾದಾಗ ಕೂಡಿಸಿ, ಕ್ಯಾನ್ಸರ್ ತಡಿಯೋ ಜೀನಿನ ಬಾಯಿ ಮುಚ್ಚಿಸೈತಿ. ಅದು ಈ ಗಡ್ಡಿಯೊಳಗಿನ ಕೇಡು, ಮಗಳಿಗೆ ಬರಂಗಿಲ್ಲ!”

“ಹಂಗಾರ ಅದಕ್ಕ ಔಷಧ ಐತೇನ್ರಿ?” ತಾಯಿ ಕೇಳಿದ್ಲು.

“ಹುಡುಕಾಕತ್ತೇವಿ.”

ಪ್ರೋಟೀನಿಗೆ ಔಷಧ ಇವತ್ತಲ್ಲ ನಾಳೆ ಸಿಕ್ಕೀತು. ಈ ಹಿರ್ಯಾಗ ಯಾವ ಪ್ರಯೋಗಾಲಯದಾಗ ಹುಡುಕೂದು?