ಆಳುದ್ದದ ದಾರ

ನಮ್ಮ ಜನರಲ್ಲಿ ಎತ್ತರವಾಗಿ ಹುಟ್ಟುವುದು ಒಂದು ದುರದೃಷ್ಟ. ಊರಿನ ಉಳಿದ ಮನೆಗಳಲ್ಲಿ ಮಗ ಎತ್ತರ ಬೆಳೆದರೆ ತಾಯಿ ದೃಷ್ಟಿ ತೆಗೆಯುತ್ತಿದ್ದಳು. ನಮ್ಮಲ್ಲಿ ಅಂಥವನನ್ನು ನೋಡಿ, ಪಾಪ, ಇವನು ಇನ್ನು ಯಾವ ಕಾಲಕ್ಕೆ ಕೂರುತ್ತಾನೋ ಎಂದು ಮರುಗುತ್ತಿದ್ದರು. ನನ್ನ ಅಪ್ಪ ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಮನುಷ್ಯ. ನಾನೂ ಅವನ ಹಾಗೆಯೇ ಬೆಳೆದೆ. ಈಗ ಗೋಡೆ ಹಿಡಿದು ಮೇಲೇಳುವಾಗ ಆ ಮಾತು ನೆನಪಾಗಿ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಇದು ಹೊರಗಿನವರಿಗೆ ಅರ್ಥವಾಗಬೇಕಾದರೆ ದಾರದ ವಿಷಯ ಹೇಳಬೇಕು. ನಾವು ತಿಂಗಳವ್ವನ ಮಂದಿ. ಸುತ್ತಲಿನವರು ನಮ್ಮನ್ನು ಹುಣ್ಣಿವಿ ಮಂದಿ ಎನ್ನುತ್ತಿದ್ದರು. ಕುಂದಗೋಳಕ್ಕೂ ಸಂಶಿಗೂ ನಡುವೆ, ರೈಲು ಹಳಿಯ ಬಾಜು ನಮ್ಮ ಕೇರಿ. ನಾನು ಸಣ್ಣವಳಿದ್ದಾಗ ಅಲ್ಲಿ ಹದಿನಾಲ್ಕು ಮನೆಗಳಿದ್ದವು. ನಮಗೆ ಗುಡಿಯಿಲ್ಲ, ಮೂರ್ತಿಯಿಲ್ಲ, ಪೂಜಾರಿಯಿಲ್ಲ. ಎಲ್ಲರೂ ಚಂದ್ರನನ್ನು ಅವನು ಎಂದರೆ ನಾವು ಅವಳು ಎನ್ನುವವರು, ಅವ್ವ ಎನ್ನುವವರು. ಅಮಾವಾಸ್ಯೆಯ ದಿನ ಅವ್ವ ಮನೆಯಲ್ಲಿಲ್ಲ, ಹಾಗಾಗಿ ಒಲೆ ಹಚ್ಚುವುದಿಲ್ಲ, ಹೆಂಗಸರು ತಲೆ ಬಾಚುವುದಿಲ್ಲ. ಹುಣ್ಣಿಮೆಯ ಸಂಜೆ ಎಲ್ಲರೂ ಮಾಳಿಗೆ ಹತ್ತಿ ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತೇವೆ. ಮಕ್ಕಳೆಲ್ಲ ಇದ್ದಾರೋ ಇಲ್ಲವೋ ಎಂದು ಅವ್ವ ಅಂದು ಎಣಿಸಲು ಬರುತ್ತಾಳೆ.

ಹುಟ್ಟಿದ ಕೂಸಿಗೆ ಒಂದು ಹತ್ತಿಯ ದಾರ ತೆಗೆದಿಡುವುದು ನಮ್ಮ ಪದ್ಧತಿ. ಹುಣ್ಣಿಮೆಗೊಂದು ಗಂಟು, ಹಿಂದಿನ ಗಂಟಿಗೆ ಒತ್ತಿ ಹಾಕುವುದು. ಕೇರಿಯ ದಾರಗಳೆಲ್ಲ ನನ್ನ ಅತ್ತೆಯ ವಶದಲ್ಲಿ, ಜೋಳದ ಗಡಿಗೆಯಲ್ಲಿ ಇರುತ್ತಿದ್ದವು. ಅತ್ತೆ ಎಂದರೆ ಅಪ್ಪನ ಅಕ್ಕ. ಅಷ್ಟೂ ದಾರಗಳಲ್ಲಿ ಯಾರದು ಯಾವುದೆಂದು ಕತ್ತಲಲ್ಲಿ ಮುಟ್ಟಿ ಹೇಳಬಲ್ಲವಳು, ಆದರೆ ಬಾಯಿ ಮಾತ್ರ ಭಾರೀ ಜೋರು. ಗಂಟು ಬಿದ್ದ ದಾರ ಬೆಳೆಯುತ್ತ ಬೆಳೆಯುತ್ತ ಮನುಷ್ಯನ ಆಳುದ್ದ ಆದ ದಿನ ಅವನ ದುಡಿಮೆ ಮುಗಿಯಿತು. ಅತ್ತೆ ಅವನ ಕೈಗೆ ನೀರು ಹಾಕುತ್ತಾಳೆ. ಅದಕ್ಕೆ ಕೈ ತೊಳೆಯುವುದು ಎನ್ನುತ್ತೇವೆ. ಕೈ ತೊಳೆದವರು ಮುಂದೆ ಕಬ್ಬಿಣ ಹಿಡಿಯಬಾರದು, ಹೊರೆ ಹೊರಬಾರದು. ಹಿಡಿದರೆ ಅವ್ವ ಆ ಮನೆಯಿಂದ ಮುಖ ತಿರುಗಿಸುತ್ತಾಳೆ. ಕೇರಿಯ ಮನೆಗಳು ಪಾಳಿ ಹಚ್ಚಿ ಅವರಿಗೆ ರೊಟ್ಟಿ ಕೊಡಬೇಕು, ಅವರು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಬುದ್ಧಿ ಹೇಳಬೇಕು.

ಗಿಡ್ಡರಿಗೆ ಇದು ಹಬ್ಬ. ನಮ್ಮ ಎದುರು ಮನೆಯ ಗಿಡ್ಡ ಕಾಕಾ ಮೀಸೆ ಇನ್ನೂ ಕಪ್ಪಿರುವಾಗಲೇ ಕೈ ತೊಳೆದುಕೊಂಡ. ಅವನ ಹೆಂಡತಿ, ಇವನನ್ನು ಕಟ್ಟಿಕೊಳ್ಳುವಾಗ ಅಳತೆ ನೋಡಬೇಕಿತ್ತು ಎಂದು ಜೀವಮಾನವಿಡೀ ಗೊಣಗಿದಳು. ಪ್ರತಿ ವರ್ಷ ದಸರೆಯ ನಂತರದ ಸೀಗಿ ಹುಣ್ಣಿಮೆಗೆ ವಯಸ್ಸಾದವರನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಅಳೆಯುತ್ತಿದ್ದರು. ದಾರದ ಒಂದು ತುದಿಯನ್ನು ಅತ್ತೆ ಮಣೆ ಹತ್ತಿ ನೆತ್ತಿಯ ಮೇಲೆ ಹಿಡಿಯುತ್ತಾಳೆ, ಇನ್ನೊಂದನ್ನು ಹಿರಿಯ ಮಗನೋ ಮಗಳೋ ಹಿಮ್ಮಡಿಯ ಹತ್ತಿರ ಕೂತು ಹಿಡಿಯಬೇಕು. ಮುಟ್ಟಿತೋ ಇಲ್ಲವೋ ಹೇಳಬೇಕಾದವರು ಅವರೇ. ದಣಿದ ಗಂಡಸರು ಮೊಣಕಾಲು ಸಣ್ಣಗೆ ಮಡಿಸಿ, ಕತ್ತು ಒಳಗೆಳೆದುಕೊಂಡು ಗಿಡ್ಡರಾಗಲು ನೋಡುವರು. ಅತ್ತೆ ಕೋಲಿನಿಂದ ಮೊಣಕಾಲಿಗೆ ಒಂದು ತಟ್ಟಿ ನೆಟ್ಟಗೆ ಮಾಡುವಳು. ಎಲ್ಲರೂ ನಗುವರು.

ನಾನು ಇದೆಲ್ಲದರಿಂದ ಬೇಗ ದೂರವಾದೆ. ಎಂಟು ವರ್ಷವಾಗುವಷ್ಟರಲ್ಲಿ ನವಲಗುಂದದ ಒಂದು ಹಾಸ್ಟೆಲಿಗೆ ಸೇರಿಸಿದರು. ಮೊದಲ ಅಮಾವಾಸ್ಯೆಗೆ ತಲೆ ಬಾಚದೆ ಸಾಲಿನಲ್ಲಿ ನಿಂತು ಅಕ್ಕೋರ ಕೈಯಿಂದ ಏಟು ತಿಂದೆ. ಎರಡನೆಯ ಅಮಾವಾಸ್ಯೆಗೆ ಬಾಚಿಕೊಂಡೆ. ಅಷ್ಟು ಸುಲಭವಾಗಿ ಬಿಟ್ಟುಬಿಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ರಜೆಗೆ ಬಂದಾಗ ಹುಣ್ಣಿಮೆ ಸಿಕ್ಕರೆ ಮಾಳಿಗೆ ಹತ್ತುತ್ತಿದ್ದೆ, ಸಿಗದಿದ್ದರೆ ಅತ್ತೆಯೇ ನನ್ನ ಗಂಟು ಹಾಕಿಡುತ್ತಿದ್ದಳು. ಓದಿ, ಟ್ರೇನಿಂಗ್ ಮುಗಿಸಿ, ಎಪ್ಪತ್ತರ ದಶಕದ ಆರಂಭದಲ್ಲಿ ಕುಂದಗೋಳದ ಹತ್ತಿರದ ಒಂದು ಶಾಲೆಯಲ್ಲಿ ನಾನೇ ಅಕ್ಕೋರಾದೆ.

ಅಪ್ಪ ರೈಲ್ವೆ ಗ್ಯಾಂಗಿನಲ್ಲಿದ್ದ. ಹಳಿಯ ಕೆಳಗೆ ಖಡಿ, ಅಂದರೆ ಜಲ್ಲಿಕಲ್ಲು, ಬಡಿಯುವ ಕೆಲಸ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆರು ತಿಂಗಳು ಎತ್ತರಿಸಿದ ಹಳಿ ಇನ್ನಾರು ತಿಂಗಳಲ್ಲಿ ಕುಸಿಯುತ್ತದೆ. ಇಪ್ಪತ್ತೈದು ವರ್ಷ ಅವನು ಅದೇ ನಾಲ್ಕು ಮೈಲು ಹಳಿಯನ್ನು ಎತ್ತಿದ್ದ. ಸಂಜೆ ಬಂದರೆ ಅಂಗಳದಲ್ಲಿ ಕೂತು, ನೀರು ಕೇಳುವುದಕ್ಕೂ ಬೇಸರಪಟ್ಟು, ಯಾರಾದರೂ ತಾವಾಗಿ ತಂದುಕೊಡಲಿ ಎಂದು ಕಾಯುತ್ತಿದ್ದ.

ನನಗೆ ನೌಕರಿಯಾದ ಮೇಲೆ ಒಂದು ಬೇಸಿಗೆಯಲ್ಲಿ ಗ್ಯಾಂಗಿನವರ ವಯಸ್ಸು ಬರೆಸಬೇಕೆಂದು ಆದೇಶ ಬಂತು. ಓದು ಬರಹ ಬಾರದ ಎಷ್ಟೋ ಜನರ ಹೆಸರಿನ ಮುಂದೆ ವಯಸ್ಸಿನ ಜಾಗ ಖಾಲಿಯಿತ್ತು. ಜಾತಕವಿದ್ದವರು ಜಾತಕ ತಂದರು, ಇಲ್ಲದವರು ಅಂದಾಜು ಹೇಳಿದರು. ಅಪ್ಪ ಅತ್ತೆಯಿಂದ ದಾರ ಇಸಿದುಕೊಂಡು, ಕರವಸ್ತ್ರದಲ್ಲಿ ಸುತ್ತಿ, ನನ್ನನ್ನು ಕರೆದುಕೊಂಡು ಹೋದ. ಹುಬ್ಬಳ್ಳಿಯ ರೈಲ್ವೆ ಕಚೇರಿಯ ಬೆಂಚಿನ ಮೇಲೆ ಕೂತು ಒಂದೊಂದೇ ಗಂಟನ್ನು ಉಗುರಿನಿಂದ ಎಣಿಸಿದೆ. ಆರುನೂರ ಮೂವತ್ತಾರು. ಹನ್ನೆರಡರಿಂದ ಭಾಗಿಸಿದೆ. ಐವತ್ತಮೂರು, ಶೇಷ ಸೊನ್ನೆ. ಭಾಗಾಕಾರ ಶೇಷವಿಲ್ಲದೆ ಮುಗಿದರೆ ನನಗೊಂದು ಸುಖ. ಐವತ್ತಮೂರು ಎಂದು ಗಟ್ಟಿಯಾಗಿ ಹೇಳಿದೆ. ಬರೆದುಕೊಂಡರು, ಅಪ್ಪ ಹೆಬ್ಬೆಟ್ಟು ಒತ್ತಿದ. ವಾಪಸು ಬರುವಾಗ ರೈಲಿನಲ್ಲಿ ಚುರುಮರಿ ಕೊಡಿಸಿ, ನೀ ಓದಿದ್ದು ಸಾರ್ಥಕ ಆತು ಎಂದ. ಅವನು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮುಂದಿನ ಶ್ರಾವಣದಲ್ಲಿ ನೂಲಹುಣ್ಣಿಮೆಗೆ ರಜೆಯಿತ್ತು. ಕಂಬಳಿ ಹೊದ್ದು ಜಿಟಿಜಿಟಿ ಮಳೆಯಲ್ಲಿ ಮಾಳಿಗೆಯ ಮೇಲೆ ನಿಂತೆವು. ಮೋಡ ಸರಿಯಲೇ ಇಲ್ಲ. ಅತ್ತೆ ಸ್ವಲ್ಪ ಹೊತ್ತು ಕಾದು, ಒಂದು ಗಂಟೂ ಹಾಕದೆ ದಾರಗಳನ್ನೆಲ್ಲ ಗಡಿಗೆಗೆ ಇಳಿಸಿದಳು. ಗಂಟು ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಆಕಿ ಬರಲಾರದ ಹುಣ್ಣಿವಿ ಹೆಂಗ ಲೆಕ್ಕಕ್ಕ ಹಿಡೀತಾರ? ಇಷ್ಟೂ ಗೊತ್ತಿಲ್ಲೇನ ನಿನಗ?"

ಗೊತ್ತಿರಲಿಲ್ಲ. ಕೇರಿಯ ನಾಲ್ಕು ವರ್ಷದ ಕೂಸಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಮೋಡ ಮುಚ್ಚಿದ ಹುಣ್ಣಿಮೆಗೆ ಗಂಟಿಲ್ಲ. ವರ್ಷಕ್ಕೆ ಒಂದೋ ಎರಡೋ ಹಾಗೆ ತಪ್ಪುತ್ತವೆ. ಅಪ್ಪನ ಆಯುಷ್ಯದಲ್ಲಿ ಅಂಥವು ಎಷ್ಟು ಹೋದವು ಎಂದು ಕೇಳಿದರೆ, ಎಣಿಸದೇ ಇದ್ದದ್ದನ್ನು ಯಾರು ಎಣಿಸಿಟ್ಟಾರು ಎಂದು ಅತ್ತೆ ರೇಗಿದಳು. ಆಮೇಲೆ ತಾನೇ ನೆನಪು ಮಾಡಿಕೊಂಡು, ಅಪ್ಪನೂ ಪಕ್ಕದ ಊರಿನ ಗೌಡರ ಹಿರಿಯ ಮಗನೂ ಒಂದೇ ವಾರದ ಕೂಸುಗಳು ಎಂದಳು. ಮರುದಿನವೇ ಗೌಡರ ಮನೆಗೆ ಹೋಗಿ ಜಾತಕ ನೋಡಿ ಬಂದೆ. ಅಪ್ಪನಿಗೆ ಆಗಲೇ ಐವತ್ತೆಂಟು ನಡೆದಿತ್ತು. ಕೆಲಸ ಬಿಟ್ಟು ಮನೆಗೆ ಬರಬೇಕಾದ ವಯಸ್ಸು. ನನ್ನ ಸೊನ್ನೆ ಶೇಷದ ಭಾಗಾಕಾರ ಅವನ ಹೆಗಲಿಗೆ ಇನ್ನೂ ಐದು ವರ್ಷ ಹೇರಿತ್ತು.

ಕಚೇರಿಗೆ ಮೂರು ಸಲ ಅಲೆದೆ. ಗುಮಾಸ್ತರು ಒಳ್ಳೆಯವರೇ, ಕೂರಿಸಿ ಮಾತಾಡಿದರು. ವಯಸ್ಸು ಇಳಿಸಿಕೊಡಿ ಎಂದು ದಿನಾ ಹತ್ತು ಜನ ಬರುತ್ತಾರೆ, ಏರಿಸಿಕೊಡಿ ಎಂದು ಬಂದವರು ನೀವೊಬ್ಬರೇ ಎಂದು ನಕ್ಕರು. ಬರೆದದ್ದು ತಿದ್ದಲು ಬರುವುದಿಲ್ಲವೆಂದೂ, ನೆರೆಯವನ ಜಾತಕ ಪುರಾವೆಯಲ್ಲವೆಂದೂ, ನಡುವೆ ಕೆಲಸ ಬಿಟ್ಟರೆ ಪಿಂಚಣಿ ಕೈಬಿಡುತ್ತದೆಂದೂ ತಿಳಿಸಿ ಹೇಳಿದರು. ಮೋಡದ ಹುಣ್ಣಿಮೆಯ ಸಂಗತಿ ಅವರಿಗೆ ಹೇಳಲು ಬಾಯಿ ಬರಲಿಲ್ಲ. ಮೂರನೆಯ ಸಲ ಬರುವಾಗ ರೈಲಿನಲ್ಲಿ ಕಿಟಕಿಗೆ ತಲೆಯಿಟ್ಟು ಅತ್ತುಬಿಟ್ಟೆ.

ಅಪ್ಪನಿಗೆ ಹೇಳಿದಾಗ ಅವನು ರೊಟ್ಟಿ ಮುರಿಯುತ್ತಿದ್ದ. "ಓದಿದಾಕಿ ಮೋಡದ್ದೂ ಹಿಡಿದಿರತಾಳಂತ ನಾ ತಿಳಕೊಂಡಿದ್ದೆ," ಎಂದ. ಅಷ್ಟೇ. ಬೈದಿದ್ದರೆ ಆಗುತ್ತಿತ್ತು. ಬೈಯುವುದಕ್ಕೂ ತ್ರಾಣ ಬೇಕಲ್ಲ.

ಆ ವರ್ಷದ ಸೀಗಿ ಹುಣ್ಣಿಮೆಗೆ ಅಪ್ಪನ ದಾರ ಎರಡು ಬೆರಳು ಕಡಿಮೆಯಿತ್ತು. ಮರುವರ್ಷ ಮುಟ್ಟುತ್ತದೆಂದು ಎಲ್ಲರಿಗೂ ಗೊತ್ತಾಯಿತು. ಮುಟ್ಟಿದರೆ ಅಪ್ಪ ಕಬ್ಬಿಣ ಹಿಡಿಯುವ ಹಾಗಿಲ್ಲ, ಪಿಂಚಣಿ ಇಲ್ಲ. ಮೊದಲಾಗಿದ್ದರೆ ಕೇರಿ ಅನ್ನ ಹಾಕುತ್ತಿತ್ತು. ಆದರೆ ಹದಿನಾಲ್ಕು ಮನೆಗಳಲ್ಲಿ ಈಗ ಉಳಿದದ್ದು ನಾಲ್ಕು. ಮಿಕ್ಕವರು ಹುಬ್ಬಳ್ಳಿಯ ಗಿರಣಿ, ಗದಗಿನ ಹತ್ತಿ ಅಡತಿ ಅಂಗಡಿ ಎಂದು ಹೋಗಿದ್ದರು. ಆ ನಾಲ್ಕರಲ್ಲೂ ಎರಡು ಮನೆಯವರು ಆಗಲೇ ಕೈ ತೊಳೆದು ಕೂತವರು. ಪಾಳಿ ಯಾರು ಹಚ್ಚಬೇಕು? ನನ್ನ ಪಗಾರದಲ್ಲಿ ಅವನನ್ನೂ ನನ್ನ ಹೆತ್ತವ್ವನನ್ನೂ ಸಾಕುತ್ತೇನೆಂದು ನಾನು ಹೇಳಿದೆ. ಹೆಣ್ಣುಮಗಳ ಗಳಿಕೆ ಉಣ್ಣುವುದೇ ಎಂದು ಅಪ್ಪ ಕೇಳಲಿಲ್ಲ, ಅಂಥ ಮಾತಿನವನಲ್ಲ. ತಮ್ಮಂದಿರಿಬ್ಬರ ಶಾಲೆ ಆಗಲೇ ನನ್ನ ತಲೆಯ ಮೇಲಿತ್ತು, ಅದನ್ನು ಅವನು ಬಲ್ಲ.

ಸೀಗಿ ಹುಣ್ಣಿಮೆ ಬಂತು. ಆಕಾಶ ತೊಳೆದಿಟ್ಟ ಹಾಗಿತ್ತು. ಅವ್ವ ಜೋಳದ ಹೊಲಗಳ ಆಚೆಯಿಂದ ಕೆಂಪಗೆ ಎದ್ದು ಬಂದಳು. ಅಪ್ಪ ಹೋಗಿ ನಿಂತ. ಅತ್ತೆ ಮಣೆ ಹತ್ತಿ ನೆತ್ತಿಯ ಮೇಲೆ ದಾರ ಹಿಡಿದಳು. ನಾನು ಅವನ ಹಿಂದೆ ಕೂತು ಇನ್ನೊಂದು ತುದಿ ಹಿಡಿದೆ. ಕೊನೆಯ ಗಂಟು ಮಾಳಿಗೆಯ ಮಣ್ಣಿಗೆ ತಾಗಿತು. ಮುಗಿಯಿತು, ಅಪ್ಪ ಬಿಡುಗಡೆಯಾದ ಎಂದು ನನ್ನ ಎದೆ ಹಗುರವಾಯಿತು, ಮರುಕ್ಷಣ ಪಿಂಚಣಿಯ ನೆನಪಾಗಿ ಕುಸಿಯಿತು. ಅಷ್ಟರಲ್ಲಿ ಗಂಟು ಮಣ್ಣು ಬಿಟ್ಟು ಮೇಲೆದ್ದಿತು.

ಅಪ್ಪನ ಹಿಮ್ಮಡಿಗಳು ನೆಲದಿಂದ ಮೇಲೆದ್ದಿದ್ದವು. ಧೋತರದ ಅಂಚಿನ ನೆರಳಿನಲ್ಲಿ, ನನಗೊಬ್ಬಳಿಗೇ ಕಾಣುವ ಹಾಗೆ. ಒಡೆದು, ಸೀಳಿ, ಸೀಳಿನಲ್ಲಿ ಖಡಿಯ ಧೂಳು ಕಟ್ಟಿದ ಹಿಮ್ಮಡಿಗಳು. ಅವು ನಡುಗುತ್ತಿದ್ದವು. ನನ್ನ ಅಪ್ಪ ಒಂದು ಸುಳ್ಳು ಹೇಳಿದ್ದನ್ನು ನಾನು ಕೇಳಿದವಳಲ್ಲ. ಜಗತ್ತೆಲ್ಲ ಗಿಡ್ಡವಾಗಲು ಮೊಣಕಾಲು ಮಡಿಸುವಲ್ಲಿ ಅವನೊಬ್ಬ ಎತ್ತರವಾಗಲು ತುದಿಗಾಲಲ್ಲಿ ನಿಂತಿದ್ದ, ತಾಯಿ ಎಂದು ನಂಬಿದವಳ ಕಣ್ಣೆದುರಿಗೆ, ನನ್ನ ತಪ್ಪಿಗೆ.

"ಮುಟ್ಟೇತೇನ?" ಅತ್ತೆ ಮೇಲಿನಿಂದ ಕೇಳಿದಳು.

ಮುಟ್ಟೇತಿ ಎನ್ನಬಹುದಿತ್ತು. ಎಂದಿದ್ದರೆ ಅವನ ಹಿಮ್ಮಡಿಗಳು ಅಂದೇ ನೆಲ ಕಾಣುತ್ತಿದ್ದವು.

"ಇನ್ನ ಒಂದ ಬಟ್ಟ ಕಮ್ಮಿ ಐತಿ," ಎಂದೆ.

ಮರುದಿನ ಬೆಳಿಗ್ಗೆ ಅವನು ಹಾರೆ ಹೆಗಲಿಗಿಟ್ಟುಕೊಂಡು ಗ್ಯಾಂಗಿಗೆ ಹೋದ, ನಾನು ಶಾಲೆಗೆ ಹೋದೆ. ನಾವಿಬ್ಬರೂ ಆ ವಿಷಯ ಎಂದೂ ಮಾತಾಡಲಿಲ್ಲ. ಮುಂದಿನ ಸೀಗಿ ಹುಣ್ಣಿಮೆಗೆ ಅವನು ಇನ್ನಷ್ಟು ಮೇಲೇಳಬೇಕಾಯಿತು, ಅದರ ಮುಂದಿನದಕ್ಕೆ ಇನ್ನೂ ಅಷ್ಟು. ಪ್ರತಿ ಸಲವೂ ನಾನು ಅದೇ ಒಂದು ಬೆರಳು ಕಮ್ಮಿ ಎಂದೆ. ನಾಲ್ಕನೆಯ ವರ್ಷ ಬೆರಳುಗಳ ತುದಿಯ ಮೇಲೆ ನಿಂತವನು ತೂಗಾಡತೊಡಗಿದ. ನಾನು ಎಡಗೈಯಿಂದ ಅವನ ಮೀನಖಂಡ ಒತ್ತಿ ಹಿಡಿದೆ. ಅದು ಒಣಗಿದ ಹಗ್ಗದ ಹಾಗಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾಗದದ ಪ್ರಕಾರ ಅಪ್ಪನಿಗೆ ಐವತ್ತೆಂಟಾಯಿತು. ಒಂದು ಹಾರ, ಒಂದು ಶಾಲು ಹಿಡಿದು ಮನೆಗೆ ಬಂದ. ಆ ಸೀಗಿ ಹುಣ್ಣಿಮೆಗೆ ಮಾಳಿಗೆಯ ಮೇಲೆ ಪಾದವೂರಿ ನಿಂತ. ಬೆನ್ನು ಬಾಗಿತ್ತು. ದಾರ ಮಣ್ಣಿಗೆ ತಾಗಿ, ಮೀರಿ, ಸುರುಳಿಯಾಗಿ ಬಿತ್ತು. ಗೇಣಿನಷ್ಟು ಹೆಚ್ಚು. ನಾನು ಬೇಗಬೇಗನೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಮುಟ್ಟೇತಿ," ಎಂದೆ.

ಅತ್ತೆಗೆ ಆಗ ಕಣ್ಣು ಮಬ್ಬಾಗಿತ್ತು. ಮಣೆಯಿಂದಿಳಿದು ಬಂದು, ನನ್ನ ಮುಷ್ಟಿ ಬಿಡಿಸಿ, ಹೆಚ್ಚಾದ ದಾರವನ್ನು ಬೆರಳಿನಿಂದ ಒಂದು ಸಲ ಸವರಿದಳು. ಗಂಟುಗಳು ಅವಳೇ ಹಾಕಿದವು. ಯಾವ ವರ್ಷದ್ದು ಯಾವುದು ಎಂದು ಅವಳ ಬೆರಳಿಗೆ ಗೊತ್ತಿಲ್ಲದೆ ಏನು? ಬೈಯುತ್ತಾಳೆ, ಎಲ್ಲರೆದುರು ಮಾನ ತೆಗೆಯುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ. ಅವಳು ನೀರಿನ ಚರಿಗೆ ಎತ್ತಿಕೊಂಡಳು. ಅಪ್ಪ ಪದ್ಧತಿಯಂತೆ ಎರಡೂ ಕೈ ಮುಂದೆ ಚಾಚಿದ. ಅತ್ತೆ ಆ ಕೈಗಳನ್ನು ದಾಟಿ ಹಿಂದೆ ಬಂದು, ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಮೊದಲು ಅವನ ಹಿಮ್ಮಡಿಗಳ ಮೇಲೆ ನೀರು ಹಾಕಿ ಕೈಯಿಂದ ತಿಕ್ಕಿದಳು.

"ಇವು ಭಾಳ ದಣದಾವ ತಮ್ಮಾ," ಎಂದಳು.