ಅಂಗಳದಲ್ಲಿ ಸೀರೆಯ ಗೋಡೆ

ಗ್ರಾಮಸಭೆ ನಡೆಯುತ್ತಿದೆ. ವಾರ್ಡಿನ ಮೆಂಬರ್ ಸುಧಾಕರ ಮೈಕನ್ನು ಬಾಯಿಗೆ ತಾಗಿಸಿಕೊಂಡು, ಹಿಂದಿನ ಸಾಲಿನಲ್ಲಿ ಎದ್ದು ನಿಂತ ಹೆಂಗಸಿನ ಕಡೆ ನೋಡಿ ಕೇಳುತ್ತಾರೆ:

"ಹೆಣ ಮೀಸುಕೆ ಎಂತಕ್ಕೆ ಕೋಣಿ, ಸುಂದರಿ? ಸತ್ತವ್ರಿಗ್ ಎಂತ ನಾಚ್ಕಿ? ನಿಂಗೇ ಮೀವುಕೆ ಜಾಗ ಇಲ್ದಿದ್ರೆ ಹೇಳ್, ಒಂದ್ ಕಟ್ಸಿ ಕೊಡ್ವ."

ಸಭೆ ನಗುತ್ತದೆ. ಮುಂದಿನ ಸಾಲಿನ ಗಂಡಸರು ಕುರ್ಚಿ ಅಲುಗಾಡುವಷ್ಟು ನಗುತ್ತಾರೆ. ವೇದಿಕೆಯ ಮೇಲಿದ್ದ ಅಧಿಕಾರಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂರುತ್ತಾರೆ.

ಮೀಸುವುದು ಅಂದರೆ ನಮ್ಮ ಕಡೆ ಸ್ನಾನ ಮಾಡಿಸುವುದು. ಬೈಂದೂರಿನ ದಕ್ಷಿಣಕ್ಕೆ, ಕಡಲಿನ ಸದ್ದು ಮನೆಯೊಳಗೆ ಕೇಳುವ ಈ ಊರಿನಲ್ಲಿ ಸತ್ತ ಹೆಂಗಸರನ್ನು ಮೀಸುವವರು ಸುಂದರಿ. ಅವರು ಕೇಳಿದ್ದು ಇಷ್ಟೇ: ರುದ್ರಭೂಮಿಯ ಗೇಟಿನ ಪಕ್ಕ ನಾಲ್ಕು ಗೋಡೆ, ಒಂದು ನೀರಿನ ನಳ್ಳಿ. ಕೇಳಿದ್ದು ಮೊದಲ ಸಲವೂ ಅಲ್ಲ. ಅದೇ ಗೇಟಿಗೆ ಕಮಾನು ಕಟ್ಟಿಸುವಾಗ ಯಾರೂ ನಗಲಿಲ್ಲ. ಕಮಾನಿನ ತುಂಬ ದಾನಿಗಳ ಹೆಸರಿದೆ. ಹೆಣಕ್ಕೆ ಅದನ್ನು ಓದಲು ಬರುವುದಿಲ್ಲ.

ಸುಂದರಿ ಗೇರುಬೀಜದ ಎಣ್ಣೆಗೆ ಕಪ್ಪಾದ ಬೆರಳುಗಳಿಗೆ ಸೆರಗಿನ ತುದಿ ಸುತ್ತಿಕೊಂಡು ಕೂರುತ್ತಾರೆ.

ಹಗಲು ಅವರದು ಗೇರುಬೀಜ ಫ್ಯಾಕ್ಟರಿಯ ಕೆಲಸ. ತಿಂಗಳಿಗೊಂದು ಭಾನುವಾರ ಮಹಿಳಾ ಮಂಡಲದ ಸಭೆ. ಅಂಗನವಾಡಿಯ ಮಕ್ಕಳ ಬೆಂಚಿನ ಮೇಲೆ, ಮಂಡಿ ಎದೆಗೆ ತಾಗುವ ಹಾಗೆ ಕೂತು ಹೆಂಗಸರು ಉಪ್ಪಿನಕಾಯಿ ತರಬೇತಿ, ರಂಗೋಲಿ ಸ್ಪರ್ಧೆ, ವಾರ್ಷಿಕೋತ್ಸವ ಅಂತ ಮಾತಾಡುತ್ತಾರೆ. ರಂಗೋಲಿಯ ಫೋಟೊ ಪೇಪರಿನಲ್ಲಿ ಬರುತ್ತದೆ. ಇದೇ ಹೆಂಗಸರು ಸಾವಿನ ಅಂಗಳದಲ್ಲಿ ಮಾಡುವ ಕೆಲಸಕ್ಕೆ ಮಂಡಲದ ವಾರ್ಷಿಕ ವರದಿಯಲ್ಲಿ ಒಂದು ಸಾಲೂ ಇಲ್ಲ. ದೀಪ ಹಚ್ಚಿದ ವೇದಿಕೆಯಲ್ಲಿ ಅಂಥದ್ದನ್ನು ಓದಬಾರದಂತೆ.

ಈ ಕೆಲಸ ಶುರುವಾದದ್ದು ಸುಂದರಿಯ ಅಕ್ಕ ತೀರಿಕೊಂಡು, ದೇಹ ಪೋಸ್ಟ್‌ಮಾರ್ಟಂ ಆಗಿ ಬಂದಾಗ. ಪೋಸ್ಟ್‌ಮಾರ್ಟಂ ಆದ ದೇಹವನ್ನು ಈ ಊರಿನವರು ಮನೆಯೊಳಗೆ ತರುವುದಿಲ್ಲ. ಅಂಗಳದಲ್ಲೇ ಇಳಿಸಿ, ಅಲ್ಲೇ ಮೀಸಿ, ಹಾಗೇ ಒಯ್ಯುತ್ತಾರೆ. ಮೀಸಿ ಗೊತ್ತಿದ್ದ ಮುದುಕಿಯರು ಯಾರೂ ಉಳಿದಿರಲಿಲ್ಲ. ಉಳಿದ ಹೆಂಗಸರು ಹೆದರಿ ಹತ್ತಿರ ಬರಲಿಲ್ಲ. ಕೊನೆಗೆ ಇಬ್ಬರು ಗಂಡಸರು ಪೈಪಿನಲ್ಲಿ ನೀರು ಬಿಟ್ಟರು, ಗಾಡಿ ತೊಳೆದ ಹಾಗೆ.

"ಅಕ್ಕ ಬದ್ಕಿಪ್ಪತಿಗೆ ಡಾಕ್ಟ್ರಿಗೂ ಕೈ ಬಿಟ್ ಬೇರೆ ತೋರ್ಸದವ್ಳ್. ಅವತ್ತ್ ಊರಿಡೀ ಕಂಡ್ತ್," ಅನ್ನುತ್ತಾರೆ ಸುಂದರಿ. "ನಾನ್ ಕಂಬ ಹಿಡ್ಕಂಡ್ ನಿಂತಿದ್ದೆ."

ಮುಂದಿನ ಭಾನುವಾರದ ಸಭೆಯಲ್ಲಿ ಅವರು ಎದ್ದು, ಇನ್ನು ಮೇಲೆ ಯಾರ ಮನೆಯಾದರೂ ಸರಿ, ಹೆಂಗಸನ್ನು ಹೆಂಗಸರೇ ಮೀಸಬೇಕು ಅಂದರು. ಕೆಲವರು ಎದ್ದು ಹೋದರು. ಹೋಗದೆ ಕೂತವರೇ ಈಗಲೂ ಅಂಗಳದಲ್ಲಿ ಸೀರೆ ಹಿಡಿಯುವವರು. ಸುತ್ತ ಸೀರೆಯ ಗೋಡೆ, ಒಳಗೆ ಸುಂದರಿ ಒಬ್ಬರೇ. ಸೀರೆ ಹಿಡಿದವರೂ ಬೆನ್ನು ಒಳಗೆ ಹಾಕಿಯೇ ನಿಲ್ಲಬೇಕು, ತಿರುಗಿ ನೋಡಬಾರದು. ನೀರು ಹದ ಬಿಸಿ ಇರಬೇಕು. ತಣ್ಣೀರು ಕೊಟ್ಟರೆ ಸುಂದರಿ ವಾಪಸು ಕಳಿಸುತ್ತಾರೆ. ಒಳಗಿನಿಂದ ಅವರು ಸತ್ತವರ ಹತ್ತಿರ ಮಾತಾಡುವುದು ಕೇಳುತ್ತದೆ, ಸಣ್ಣ ಮಕ್ಕಳ ಹತ್ತಿರ ಮಾತಾಡಿದ ಹಾಗೆ. ಕೈ ಎತ್ತು, ಆಯಿತು, ಇನ್ನೊಂದು ತಂಬಿಗೆ ಅಷ್ಟೆ.

ಇದಕ್ಕೆ ಊರು ಕೊಟ್ಟ ಮರ್ಯಾದೆ ನೋಡಿ. ತಂಗಿಯ ಮಗಳ ಬಯಕೆ ಊಟಕ್ಕೆ ಸುಂದರಿಗೆ ಆಮಂತ್ರಣ ಬಂತು. ಹಿಂದಿನ ದಿನ ಫೋನೂ ಬಂತು: ನೀನು ಬರುವುದು ಬೇಡ, ಬಸುರಿ ಇರುವ ಮನೆ, ಊಟ ಅಲ್ಲಿಗೇ ಕಳಿಸುತ್ತೇವೆ.

"ಕಳ್ಸಿದ್ರ್, ಉಂಡೆ. ಕಡ್ಬ್ ಲಾಯ್ಕಿತ್ತ್," ಅನ್ನುತ್ತಾರೆ ಸುಂದರಿ.

ಮನೆಗೆ ಐದೇ ಸೆಂಟ್ಸ್ ಜಾಗ ಸಿಕ್ಕ ಊರಿನ ಕಾಲನಿಯಲ್ಲಿ ಅಂಗಳ ಅಂದರೆ ರಸ್ತೆಯೇ. ಕಡಲ ಗಾಳಿಗೆ ಅಲ್ಲಿ ಸೀರೆ ನಿಲ್ಲುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬರನ್ನು ಮೀಸುವಾಗ ಗಾಳಿ ಸೀರೆಯನ್ನು ಎತ್ತಿತು, ರಸ್ತೆಯ ಆಚೆ ನಿಂತವನೊಬ್ಬ ಮೊಬೈಲ್ ಎತ್ತಿದ. ಸುಂದರಿ ಗ್ರಾಮಸಭೆಯಲ್ಲಿ ಕೋಣೆ ಕೇಳಲು ಶುರು ಮಾಡಿದ್ದು ಆಮೇಲೆ. ಸಿಕ್ಕಿದ್ದು ನಗು.

ಆ ನಗು ಊರಿನ ಬಾಯಲ್ಲಿ ಇನ್ನೂ ಇರುವಾಗಲೇ ಅದೇ ಕಾಲನಿಯ ದೀಕ್ಷಾ ಸಾಯುತ್ತಾಳೆ. ಬೈಂದೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಹೆದ್ದಾರಿಯಲ್ಲಿ ಅವಳ ಸ್ಕೂಟಿಗೆ ಲಾರಿ ಬಡಿದಿದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಆಂಬುಲೆನ್ಸ್ ಬಂದು ದೇಹವನ್ನು ಮನೆಯ ಮುಂದೆ ಇಳಿಸುತ್ತದೆ. ರಸ್ತೆಯ ಉದ್ದಕ್ಕೂ ಗಂಡಸರು.

ಮಂಡಲದ ನಿಖಿತಾ ಓಡಿಹೋಗಿ ಅಂಗನವಾಡಿಯ ಗೋಡೆಯಲ್ಲಿದ್ದ ವಾರ್ಷಿಕೋತ್ಸವದ ಫ್ಲೆಕ್ಸನ್ನು ಬಿಚ್ಚಿ ತರುತ್ತಾಳೆ. ಸೀರೆ ಹಾರಬಹುದು, ಕೋಲು ಕಟ್ಟಿದ ಫ್ಲೆಕ್ಸ್ ಹಾರುವುದಿಲ್ಲ. ಅದರಲ್ಲಿ ಮಂಡಲದ ಒಬ್ಬ ಹೆಂಗಸಿನ ಫೋಟೊವೂ ಇಲ್ಲ. ಇರುವುದು ಕೈ ಮುಗಿದು ನಗುವ ಸುಧಾಕರ ಅವರದು, ಆಳೆತ್ತರಕ್ಕೆ. ಫೋಟೊ ಹೊರಗೆ ಹಾಕಿ ಹಿಡಿಯಲು ಸುಂದರಿ ಹೇಳುತ್ತಾರೆ. ಮೂರು ಕಡೆ ಸೀರೆ, ರಸ್ತೆಯ ಕಡೆ ಫ್ಲೆಕ್ಸ್. ಒಳಗೆ ತಂಬಿಗೆಯ ಸದ್ದು ಶುರುವಾಗುತ್ತದೆ.

ಅಷ್ಟರಲ್ಲಿ ಸಮಾಧಾನ ಹೇಳಲು ಸುಧಾಕರ ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಪ್ಪಲಿ ಕಳಚಿಟ್ಟು ಎರಡು ಹೆಜ್ಜೆ ಬಂದವರು ತನ್ನದೇ ಮುಖ ನೋಡಿ ನಿಲ್ಲುತ್ತಾರೆ.

"ಹ್ವಾಯ್, ಹೆಣದ್ ಹತ್ರ ನನ್ ಫೋಟೊವಾ? ತಿರ್ಗ್ಸಿ ಹಿಡ್ಕಣಿ ಅದನ್ನ."

ಒಳಗೆ ತಂಬಿಗೆ ನಿಲ್ಲುತ್ತದೆ. ಸುಂದರಿ ಹೊರಗೆ ಬರುವುದಿಲ್ಲ, ದನಿ ಏರಿಸುವುದೂ ಇಲ್ಲ.

"ತಿರ್ಗ್ಸುವ, ಮೆಂಬರ್ರೆ. ತಿರ್ಗ್ಸಿರೆ ನಿಮ್ ಕಣ್ಣ್ ಒಳ್ಗ್ ಬತ್ತ್. ಇಲ್ಲ್ ಹೆಣ್ಣ್ ಬರಿ ಮೈಯಂಗ್ ಮಲ್ಕಂಡಿತ್. ಸತ್ತವ್ರಿಗ್ ನಾಚ್ಕಿ ಇಲ್ಲೆ ಅಂದಿದ್ರಿ ಅಲ್ದಾ? ಹೇಳಿ, ತಿರ್ಗ್ಸೂದಾ?"

ರಸ್ತೆಯಲ್ಲಿ ಯಾರೂ ನಗುವುದಿಲ್ಲ. ಗಾಳಿಗೆ ಫ್ಲೆಕ್ಸ್ ಪಟಪಟ ಬಡಿಯುತ್ತದೆ. ಸುಧಾಕರ ಫ್ಲೆಕ್ಸನ್ನು ನೋಡುತ್ತಾರೆ, ಮೆಟ್ಟಿಲ ಮೇಲೆ ಕುಸಿದು ಕೂತ ದೀಕ್ಷಾಳ ಅಮ್ಮನನ್ನು ನೋಡುತ್ತಾರೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಗಂಡಸರ ನಡುವೆ ದಾರಿ ಮಾಡಿಕೊಂಡು ಹೆದ್ದಾರಿಯ ಕಡೆ ನಡೆದು ಹೋಗುತ್ತಾರೆ.